ಮಾರ್ಜಾಲದ ಕಚೇರಿಗೆ ಬಹಿಷ್ಕಾರವೇಕೆ?

ನಮ್ಮ ಸಂಘದ ಕಳೆದ ಮಾಸದ ಗೋಷ್ಠಿಯಲ್ಲಿ ನಡೆದ ಒಂದು ಪ್ರಸಂಗವನ್ನು ಕುರಿತು ನಾಲ್ಕು ಮಾತು ಬರೆಯುವುದು ನನಗೆ ಅನಿವಾರ್ಯವಾಗಿದೆ. ಅಂದು ಬಂದಿದ್ದ ಸದಸ್ಯರಿಗೆ ಅದು ನೆನಪಿರಬಹುದು. ಬಾರದಿದ್ದವರ ಸಲುವಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಬೇಸಗೆಯ ರಜೆಯಲ್ಲಿ ಸದಸ್ಯರ ಮನೆಯ ಮಕ್ಕಳಿಗಾಗಿ ಒಂದು ಸಂಜೆಯ ವಿನೋದವನ್ನು ಏರ್ಪಡಿಸುವ ವಿಚಾರ ಬಂದಾಗ ತರುಣ ಸದಸ್ಯರೊಬ್ಬರು, ಕಥೆ ಹಾಡು ಒಗಟುಗಳ ಜೊತೆಗೆ ಏಳು ನಿಮಿಷದ ಒಂದು ಹಳೆಯ ಕಾರ್ಟೂನು ಚಿತ್ರವನ್ನೂ ತೋರಿಸಬಹುದೆಂದು ಸೂಚಿಸಿದರು. ಟಾಮ್ ಎಂಬ ಬೆಕ್ಕು ಸಭೆಯಲ್ಲಿ ಕುಳಿತು ಪಿಯಾನೋ ನುಡಿಸುವ ಆ ಚಿತ್ರದ ಹೆಸರು 'ದಿ ಕ್ಯಾಟ್ ಕನ್ಸರ್ಟೋ'. ನಾವು ಅದನ್ನು 'ಮಾರ್ಜಾಲದ ಕಚೇರಿ' ಎಂದು ಕರೆಯೋಣ. ಸೂಚನೆ ಬಂದುದೇ ತಡ, ನನ್ನ ಹಿರಿಯ ಮಿತ್ರರೊಬ್ಬರು ಎದ್ದು, ಅಂತಹ ಚಿತ್ರಗಳು ಗ್ರಾಮ್ಯವೆಂದೂ, ಹೊಡೆದಾಟ ಬಡಿದಾಟಗಳಿಂದ ತುಂಬಿರುವುವೆಂದೂ, ಪರದೇಶದ ಸರಕಾದುದರಿಂದ ನಮ್ಮ ಮಕ್ಕಳ ಬಾಯಿಂದ ಕನ್ನಡವನ್ನು ಕಿತ್ತುಕೊಂಡಿರುವುವೆಂದೂ ಆವೇಶದಿಂದ ಮಾತನಾಡಿದರು. ಸಭೆ ಚಪ್ಪಾಳೆ ತಟ್ಟಿತು. ಬೆಕ್ಕಿಗೆ ಬಹಿಷ್ಕಾರವಾಯಿತು. ನಾನು ಅಂದು ಗಂಟಲು ಕಟ್ಟಿ ಕೆಮ್ಮುತ್ತ ಹಿಂದಿನ ಸಾಲಿನಲ್ಲಿ ಕುಳಿತಿದ್ದೆನಾದಕಾರಣ ಉತ್ತರ ಕೊಡಲಾಗಲಿಲ್ಲ. ಈಗ ಗಂಟಲು ಸರಿಹೋಗಿದೆ.

ಮೊದಲೇ ಒಂದು ತಪ್ಪೊಪ್ಪಿಗೆ. ಎರಡು ವರ್ಷಗಳ ಹಿಂದಿನವರೆಗೆ ನಾನೂ ಮಿತ್ರರ ಪಕ್ಷದವನೇ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಪಾಠ ಹೇಳಿದ ನನಗೆ, ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದ ನನಗೆ, ಮನೆಯ ಹಜಾರದಲ್ಲಿ ಬೆಕ್ಕು ಇಲಿಗಳ ಕಿರಿಚಾಟ ಕೇಳಿಬಂದರೆ ಮೈ ಉರಿಯುತ್ತಿದ್ದಿತು. "ಅದನ್ನು ಆರಿಸೋ" ಎಂದು ಒಳಗಿನಿಂದಲೇ ಗದರಿಸುವುದು ನನ್ನ ನಿತ್ಯವಿಧಿಗಳಲ್ಲೊಂದಾಗಿತ್ತು. ಹೀಗಿರಲು ಒಂದು ಆಷಾಢದ ಸಂಜೆ ಮೊಮ್ಮಗನಿಗೆ ಜ್ವರ ಬಂದು, ಅವನ ತಂದೆತಾಯಿಗಳು ಕಚೇರಿಯಿಂದ ಬರುವುದು ತಡವಾಗಿ, ಮಗುವಿನ ಹಣೆಗೆ ಒದ್ದೆಬಟ್ಟೆ ಹಾಕುತ್ತ ಕೂರುವ ಕೆಲಸ ನನಗೆ ಬಿದ್ದಿತು. ಜ್ವರದ ಮಗುವನ್ನು ಗದರಿಸುವುದು ಹೇಗೆ? "ತಾತ, ನೀವೂ ನೋಡಿ, ಇದು ನಿಮ್ಮ ರಾಮನವಮಿ ಕಚೇರಿಯ ಹಾಗೆಯೇ ಇದೆ" ಎಂದನು. ನೋಡಿದೆನು. ಮುಗಿದಮೇಲೆ ಇನ್ನೊಮ್ಮೆ ಹಾಕೆಂದು ಕೇಳಿದವನು ಅವನಲ್ಲ, ನಾನು.

ಚಿತ್ರವನ್ನು ನೋಡದೆ ಖಂಡಿಸಿದ ಮಹನೀಯರು ಸಭೆಯಲ್ಲಿ ಹಲವರಿದ್ದುದರಿಂದ ಅದರ ವಸ್ತುವನ್ನು ಸ್ವಲ್ಪ ವಿಸ್ತರಿಸಿಯೇ ಹೇಳುವೆನು. ತೆರೆ ಸರಿಯುತ್ತದೆ, ಕಪ್ಪು ಕೋಟು ತೊಟ್ಟ ಟಾಮ್ ವೇದಿಕೆಗೆ ಬಂದು ಸಭೆಗೆ ವಂದಿಸುತ್ತದೆ. ಮುಖದಲ್ಲಿ ಎಂತಹ ಗಾಂಭೀರ್ಯ! ಕಣ್ಣು ಅರೆಮುಚ್ಚಿದೆ, ತನ್ನಂತಹ ವಿದ್ವಾಂಸನು ಈ ಊರಿಗೆ ಬಂದುದೇ ಊರಿನ ಪುಣ್ಯವೆಂಬ ಭಾವ. ಆಸನದಲ್ಲಿ ಕುಳಿತು ಲಿಸ್ಟ್ ಎಂಬ ಹಂಗೇರಿಯ ವಾಗ್ಗೇಯಕಾರನು ೧೮೪೭ರಲ್ಲಿ ರಚಿಸಿದ ಎರಡನೆಯ ಹಂಗೇರಿಯನ್ ರಾಪ್ಸೊಡಿಯನ್ನು ನುಡಿಸತೊಡಗುತ್ತದೆ. ಪಿಯಾನೋ ವಾದ್ಯದಲ್ಲಿ ಪಟ್ಟಿಯನ್ನು ಒತ್ತಿದರೆ ಒಳಗಿರುವ ಪುಟ್ಟ ಸುತ್ತಿಗೆಯೊಂದು ಎದ್ದು ತಂತಿಯನ್ನು ಬಡಿಯುವುದೆಂಬುದನ್ನು ವಾಚಕರು ಬಲ್ಲರು. ಆ ಸುತ್ತಿಗೆಗಳ ಸಾಲಿನ ಮೇಲೆ ಜೆರಿ ಎಂಬ ಇಲಿ ನಿದ್ದೆ ಹೋಗಿದೆ! ಸ್ವರ ಏರಿದಂತೆಲ್ಲ ಅದು ಮೇಲೆ ಕೆಳಗೆ ಚಿಮ್ಮಿ, ಹೊರಳಿ, ಕೊನೆಗೆ ಎಚ್ಚತ್ತು ಹೊರಗೆ ಇಣಿಕುತ್ತದೆ. ಇಲ್ಲಿಂದ ಮುಂದೆ ಕಲಹ. ಇಲಿಯು ವಾದ್ಯದ ಮುಚ್ಚಳವನ್ನು ಬೆಕ್ಕಿನ ಬೆರಳಮೇಲೆ ಕೆಡವುತ್ತದೆ. ಪಟ್ಟಿಗಳ ಜಾಗದಲ್ಲಿ ಇಲಿಬೋನನ್ನು ಇಡುತ್ತದೆ. ಬೆಕ್ಕು ಕೈಯಿಂದ ಇಲಿಯನ್ನು ಹುಡುಕುತ್ತ ಕಾಲಿನಿಂದ ವಾದನವನ್ನು ಮುಂದುವರಿಸುತ್ತದೆ. ಮುಖ್ಯವಾದುದೇನೆಂದರೆ ಈ ಎಲ್ಲ ಉಪದ್ರವದ ನಡುವೆಯೂ ಸಂಗೀತ ನಿಲ್ಲುವುದಿಲ್ಲ, ತಾಳ ತಪ್ಪುವುದಿಲ್ಲ. ಬೆಕ್ಕು ಸಭೆಯೆದುರಿನಲ್ಲಿ ತನ್ನ ಗಾಂಭೀರ್ಯವನ್ನು ಬಿಡಲಾರದು, ಇಲಿಯನ್ನೂ ಬಿಡಲಾರದು. ಕೊನೆಯಲ್ಲಿ ಇಲಿಯೇ ಎರಡು ಸುತ್ತಿಗೆಗಳನ್ನು ಹಿಡಿದು ಮುಕ್ತಾಯವನ್ನು ನುಡಿಸಿಬಿಡುತ್ತದೆ. ಬೆಕ್ಕು ಕೆದರಿದ ಕೂದಲಿನೊಡನೆ ಕುಸಿದು ಬೀಳುತ್ತದೆ. ಸಭೆಯ ಕರತಾಡನಕ್ಕೆ ದೀಪದ ಬೆಳಕಿನಲ್ಲಿ ನಿಂತು ತಲೆಬಾಗುವುದು ಇಲಿ.

ಕೋಟೆ ಹೈಸ್ಕೂಲಿನ ಮೈದಾನದ ರಾಮನವಮಿ ಕಚೇರಿಗಳಲ್ಲಿ ಎಷ್ಟು ಸಂಜೆಗಳನ್ನು ಕಳೆದವರು ನಾವು! ಪಲ್ಲವಿಯ ನಡುವೆ ಧ್ವನಿವರ್ಧಕ ಕೀಚೆಂದಾಗ, ಅಥವಾ ಸೊಳ್ಳೆಯೊಂದು ವಿದ್ವಾಂಸರ ಮೂಗಿನ ತುದಿಯನ್ನೇ ಆರಿಸಿಕೊಂಡಾಗ, ಅವರು ಕೈಯೆತ್ತಿ ಅದನ್ನು ಓಡಿಸಿದುದು ಸ್ವರಪ್ರಸ್ತಾರದ ಅಂಗವೋ ಎಂಬಂತೆ ನಟಿಸಿದುದನ್ನು ಕಂಡವರು ನಮ್ಮಲ್ಲಿ ಇಲ್ಲವೆ? ಅಂದು ನಾವು ಉತ್ತರೀಯದ ಅಂಚನ್ನು ಬಾಯಿಗೆ ಒತ್ತಿಕೊಂಡೆವು. ಅದೇ ನಗುವನ್ನು ಮಗುವೊಂದು ಒತ್ತಿಕೊಳ್ಳದೆ ನಕ್ಕರೆ ಗ್ರಾಮ್ಯವಾಯಿತೆ?

ಮಿತ್ರರು ಶಾಸ್ತ್ರವನ್ನು ಎತ್ತಿದರು. ಒಳ್ಳೆಯದು, ಶಾಸ್ತ್ರದಲ್ಲಿಯೇ ಮಾತನಾಡೋಣ. ನಗೆಯಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಭೇದಗಳನ್ನು ಭರತನು ಹೇಳಿ, ಮೊದಲೆರಡನ್ನು ಉತ್ತಮ ಪ್ರಕೃತಿಗೂ ಕಡೆಯ ಎರಡನ್ನು ಅಧಮ ಪ್ರಕೃತಿಗೂ ವಿಧಿಸಿರುವನಾದಕಾರಣ, ಹೊಟ್ಟೆ ಹಿಡಿದು ನಗಿಸುವ ಚಿತ್ರ ಅಧಮವೆಂಬುದು ಅವರ ವಾದ. ಇದು ವಿಭಾಗವನ್ನು ತಿಳಿದು ವಿಷಯವನ್ನು ಮರೆತ ಮಾತು. ನಗುವವನ ಪ್ರಕೃತಿಯನ್ನು ಹೇಳಿದ ಭರತನು ನಗಿಸುವ ವಸ್ತುವನ್ನು ಅಧಮವೆಂದು ಹೇಳಿಲ್ಲ. ಹಾಸ್ಯವನ್ನು ಎಂಟು ರಸಗಳ ಪಂಕ್ತಿಯಲ್ಲಿಯೇ ಕೂರಿಸಿ, ಅದಕ್ಕೆ ಶ್ವೇತವರ್ಣವನ್ನೂ ಪ್ರಮಥರನ್ನು ಅಧಿದೇವತೆಗಳನ್ನಾಗಿಯೂ ಕೊಟ್ಟಿರುವನು. ಇನ್ನು ಹಾಸ್ಯದ ಮೂಲವೇನು? ಅನೌಚಿತ್ಯವೇ ಹಾಸ್ಯಕ್ಕೆ ವಿಭಾವವೆಂದು ಅಭಿನವಗುಪ್ತಪಾದರು ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಬೆಕ್ಕಿಗೆ ಪಿಯಾನೋ ಉಚಿತವೆ? ಇಲಿಗೆ ಅದರ ಒಡಲು ಶಯ್ಯೆಯಾಗುವುದು ಉಚಿತವೆ? ಆ ಅನೌಚಿತ್ಯವನ್ನು ಆದ್ಯಂತವೂ ಬಿಡದೆ, ಒಂದು ಕ್ಷಣವೂ ಬೇರೆಡೆಗೆ ಹೋಗದೆ, ಮಾತಿನ ನೆರವನ್ನು ಬೇಡದೆ ನಿರ್ವಹಿಸಿದ ಕೃತಿಯನ್ನು ನಾನು ಕಂಡುದು ಅಪರೂಪ. ಮಹೇಂದ್ರವರ್ಮನ ಮತ್ತವಿಲಾಸಪ್ರಹಸನವನ್ನು ಪಾಠ ಹೇಳಿದವನು ನಾನು. ಅಲ್ಲಿ ಕಾಪಾಲಿಕನ ಕಪಾಲ ಕಳೆದುಹೋಗಿ ನಡೆಯುವ ಗದ್ದಲದಲ್ಲಿ ನಗದ ವಿದ್ಯಾರ್ಥಿಯನ್ನು ನೋಡಲಿಲ್ಲ. ಅದು ಪಠ್ಯ, ಇದು ತ್ಯಾಜ್ಯ ಎಂಬುದಕ್ಕೆ ಮೀಮಾಂಸೆಯಲ್ಲಿ ಯಾವ ನ್ಯಾಯವೂ ನನಗೆ ದೊರೆಯದು. ಅಂದಹಾಗೆ, ಆ ಸಂಜೆ ನಾನು ನಕ್ಕ ನಗೆ ಅತಿಹಸಿತವೇ. ಕಣ್ಣಿನಲ್ಲಿ ನೀರು ಬಂದಿತ್ತು. ಅಧಮ ಪ್ರಕೃತಿಯವನೆಂದು ಸಂಘದ ದಫ್ತರಿನಲ್ಲಿ ಬರೆದುಕೊಂಡರೂ ನನ್ನ ಅಭ್ಯಂತರವಿಲ್ಲ.

ಹಿಂಸೆಯ ಮಾತಿಗೆ ಹೆಚ್ಚು ಸ್ಥಳ ಬೇಡ. ಸುತ್ತಿಗೆಯ ಏಟು ಬಿದ್ದ ಇಲಿ ಮರುಕ್ಷಣದಲ್ಲಿ ಎದ್ದು ನಿಲ್ಲುವುದನ್ನು ನಾಲ್ಕು ವರ್ಷದ ಮಗುವೂ ಬಲ್ಲುದು. ಯಕ್ಷಗಾನದ ಬಣ್ಣದ ವೇಷ ಹೊಟ್ಟೆ ಬಗಿದುಕೊಂಡುದನ್ನು ಕಂಡು ಕತ್ತಿ ಹಿಡಿದ ಮಕ್ಕಳನ್ನು ನಾನು ಕಾಣೆ. ಬೆಕ್ಕು ಇಲಿಗಳ ವೈರವು ಮಕ್ಕಳಿಗೆ ಹೇಳಬಾರದ ವಿಷಯವೆಂದರೆ ಭೀಷ್ಮನನ್ನೇ ಮೊದಲು ತಡೆಯಬೇಕಾದೀತು. ಶಾಂತಿಪರ್ವದಲ್ಲಿ ಅವನು ಧರ್ಮರಾಯನಿಗೆ ಪಲಿತನೆಂಬ ಇಲಿಯ ಮತ್ತು ಲೋಮಶನೆಂಬ ಬೆಕ್ಕಿನ ಕಥೆಯನ್ನು ಹೇಳಿ, ಬಲೆಯಲ್ಲಿ ಸಿಕ್ಕ ಬೆಕ್ಕನ್ನು ಇಲಿ ಬಿಡಿಸಿಯೂ ಕಡೆಗೆ ಅದರ ಸ್ನೇಹವನ್ನು ಒಲ್ಲದೆ ಬಿಲವನ್ನು ಸೇರಿದುದನ್ನು ರಾಜನೀತಿಯಾಗಿ ಉಪದೇಶಿಸಲಿಲ್ಲವೆ? ಆದರೆ ಮಿತ್ರರು ಹೇಳದೆ ಬಿಟ್ಟ ಒಂದು ದೋಷವನ್ನು ನಾನೇ ಹೇಳಬೇಕು. ಈ ಮಾಲಿಕೆಯ ಹಲವು ಚಿತ್ರಗಳಲ್ಲಿ ಕಪ್ಪುಜನರನ್ನು, ವಿಶೇಷವಾಗಿ ಮನೆಗೆಲಸದ ಒಬ್ಬ ಹೆಂಗಸನ್ನು, ಹೀನವಾಗಿ ಚಿತ್ರಿಸಿದ್ದಾರೆ. ಅದು ಹಾಸ್ಯವಲ್ಲ, ಅವಮಾನ. ಮುಂದೆ ಅಮೆರಿಕದವರೇ ಅಂತಹ ಭಾಗಗಳನ್ನು ಕತ್ತರಿಸಿಯೋ ಬದಲಿಸಿಯೋ ತೋರಿಸಿದರು. ಅವನ್ನು ನಮ್ಮ ಮಕ್ಕಳಿಗೆ ತೋರಿಸಬೇಕೆಂದು ನಾನು ಹೇಳಲಾರೆ. ಮಾರ್ಜಾಲದ ಕಚೇರಿಯ ಕಥೆಯಲ್ಲಿ ಆ ಹೆಂಗಸಿಲ್ಲ. ಅದರಲ್ಲಿ ಅಪಮಾನಕ್ಕೆ ಗುರಿಯಾಗುವುದು ವಿದ್ವಾಂಸನ ಹಮ್ಮು ಒಂದೇ. ಬಹುಶಃ ಅದಕ್ಕೇ ನಮಗೆ ಕೋಪ.

ಪರದೇಶದ ಸರಕು ಎಂಬ ಮಾತು ನಿಜ. ಹಾನಾ ಮತ್ತು ಬಾರ್ಬೆರಾ ಎಂಬಿಬ್ಬರು ಎಂ.ಜಿ.ಎಂ. ಸಂಸ್ಥೆಯಲ್ಲಿ ೧೯೪೦ರಿಂದ ೧೯೫೮ರವರೆಗೆ ತಯಾರಿಸಿದ ೧೧೪ ಚಿತ್ರಗಳಲ್ಲಿ ಇದೊಂದು. ಅವುಗಳಿಗೆ ದೊರೆತ ಏಳು ಆಸ್ಕರ್ ಪ್ರಶಸ್ತಿಗಳಲ್ಲಿ ಒಂದು ಇದಕ್ಕೆ ೧೯೪೭ರಲ್ಲಿ ಬಂದಿತು. ನಮಗೆ ಸ್ವಾತಂತ್ರ್ಯ ಬಂದ ವರ್ಷ. ಇನ್ನೊಂದು ಸಂಸ್ಥೆಯವರು ೧೯೪೬ರಲ್ಲಿಯೇ ಅದೇ ಸಂಗೀತಕ್ಕೆ ಮೊಲವನ್ನು ಕೂರಿಸಿ, ಅಲ್ಲಿಯೂ ಇಲಿಯೊಂದನ್ನು ಬಿಟ್ಟು 'ರಾಪ್ಸೊಡಿ ರ‍್ಯಾಬಿಟ್' ಎಂಬ ಚಿತ್ರವನ್ನು ಹೊರತಂದಿದ್ದರು. ಯಾರು ಯಾರಿಂದ ಕದ್ದರೆಂದು ಇಬ್ಬರೂ ಪರಸ್ಪರ ದೂಷಿಸಿಕೊಂಡರಂತೆ. ಕೃತಿಚೌರ್ಯದ ಜಗಳ ನಮ್ಮ ಕವಿಗೋಷ್ಠಿಗಳಿಗೆ ಮಾತ್ರ ಮೀಸಲಲ್ಲವೆಂದು ತಿಳಿದು ನನಗೆ ಸಮಾಧಾನವಾಯಿತು. ಆದರೆ ಆ ಕೆಲಸದ ಶ್ರದ್ಧೆಯನ್ನು ನೋಡಿ. ಸಿನಿಮಾದ ಯಂತ್ರದಲ್ಲಿ ಒಂದು ಸೆಕೆಂಡಿಗೆ ೨೪ ಚಿತ್ರಗಳು ಓಡುತ್ತವೆ. ಏಳು ನಿಮಿಷಕ್ಕೆ ಲೆಕ್ಕ ಹಾಕಿದರೆ ಹತ್ತು ಸಾವಿರಕ್ಕೆ ಮೇಲಾಯಿತು. ಒಂದೇ ಚಿತ್ರವನ್ನು ಎರಡು ಸಲ ಬಳಸಿದರೂ ಕೈಯಿಂದ ಬರೆಯಬೇಕಾದುವು ಸಾವಿರಾರು. ಬೆಕ್ಕಿನ ಬೆರಳು ಯಾವ ಪಟ್ಟಿಯಮೇಲೆ ಬೀಳುವುದೋ ಆ ಪಟ್ಟಿಯ ಸ್ವರವೇ ಕಿವಿಗೆ ಬರುವಂತೆ ಬರೆದಿದ್ದಾರೆಂದು ಪಿಯಾನೋ ಬಲ್ಲವರು ಮೆಚ್ಚುತ್ತಾರೆ. ಪರದೇಶದ್ದೆಂಬ ಕಾರಣಕ್ಕೆ ಇಷ್ಟು ಶ್ರದ್ಧೆಯನ್ನು ತಳ್ಳಿಹಾಕುವವರು ಪಿಟೀಲನ್ನೂ ಕಚೇರಿಯಿಂದ ಹೊರಗೆ ಕಳುಹಿಸಬೇಕಷ್ಟೆ.

ಅದಿರಲಿ, ಬೆಳಕಿನ ಪರದೆಯಮೇಲೆ ಚಿತ್ರಗಳನ್ನು ಕುಣಿಸಿ ನಗಿಸುವ ವಿದ್ಯೆ ನಮಗೆ ಹೊಸದೆ? ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನನ್ನು ಮರೆತೆವೆ? ದೀಪವನ್ನು ಹಿಂದಿಟ್ಟ ಬಿಳಿಯ ಪರದೆಯಲ್ಲಿ ರಾಮರಾವಣರ ಯುದ್ಧ ನಡೆಯುತ್ತಿರುವಾಗಲೇ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ನಡುವೆ ನುಗ್ಗಿ, ಒಬ್ಬರನ್ನೊಬ್ಬರು ಬಡಿದು, ಉರುಳಿ, ಮತ್ತೆ ಎದ್ದು ಊರವರನ್ನು ನಗಿಸುತ್ತಿದ್ದರು. ಚಿತ್ರಿಸಿದ ಆಕೃತಿಗೆ ಚಲನೆ ಕೊಟ್ಟು ಏಟಿನಿಂದ ನಗೆಯನ್ನು ಹುಟ್ಟಿಸುವ ಕಲೆ ಅದಲ್ಲದೆ ಇನ್ನೇನು? ಜೆರಿಯು ಕಿಳ್ಳೇಕ್ಯಾತನ ದಾಯಾದಿ. ಒಬ್ಬನನ್ನು ಜಾನಪದವೆಂದು ಪೀಠದಮೇಲಿಟ್ಟು ಪ್ರಬಂಧ ಬರೆಯುವವರು ಮತ್ತೊಬ್ಬನನ್ನು ಹಜಾರದಿಂದ ಓಡಿಸುತ್ತಾರೆ. ಪ್ರಬಂಧ ಬರೆದವರು ಪರದೆಯ ಮುಂದೆ ಒಂದು ರಾತ್ರಿಯಾದರೂ ಕುಳಿತಿದ್ದಾರೆಯೇ ಎಂಬುದನ್ನು ನಾನು ಕೇಳುವುದಿಲ್ಲ.

ಇನ್ನುಳಿದುದು ಕನ್ನಡದ ಮಾತು. ಇದೇ ನನ್ನನ್ನು ಲೇಖನಿ ಹಿಡಿಯುವಂತೆ ಮಾಡಿದುದು. ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಕುಗ್ಗುತ್ತಿದೆಯೆಂದು ಮಿತ್ರರಿಗಾದ ವ್ಯಥೆ ನನ್ನದೂ ಹೌದು. ಜಯನಗರದ ನಾಲ್ಕನೆಯ ಟಿ ಬ್ಲಾಕಿನ ಉದ್ಯಾನದಲ್ಲಿ ಸಂಜೆ ಆಡುವ ಮಕ್ಕಳ ಮಾತನ್ನು ಕೇಳಿದರೆ ಸಾಕು. ಮನೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆದ ನನ್ನ ಮೊಮ್ಮಗನೇ ಜಾರುಬಂಡೆಯಮೇಲಿಂದ "ಬಚಾವೋ" ಎಂದು ಕೂಗುತ್ತಾನೆ. 'ಕಾಪಾಡಿ' ಎಂಬ ಮಾತು ಅವನಿಗೆ ತಿಳಿಯದೆಂದಲ್ಲ. ಆಟದ ಭಾಷೆ ಅದಲ್ಲವೆಂದು ಅವನು ತಿಳಿದುಬಿಟ್ಟಿದ್ದಾನೆ. ಇದನ್ನು ಕಲಿಸಿದವರು ಯಾರು? ಬಾಯಿ ಬಿಡದ ಬೆಕ್ಕೆ? ಟಾಮ್ ಜೆರಿಗಳು ಮಾತನಾಡುವುದೇ ವಿರಳ. ಪಿಯಾನೋ ಮುಂದೆ ಕುಳಿತ ಈ ಚಿತ್ರದಲ್ಲಂತೂ ಒಂದು ಪದವೂ ಇಲ್ಲ. ಅವು ಕನ್ನಡದಿಂದ ಒಂದಕ್ಷರವನ್ನೂ ಕಸಿಯಲಿಲ್ಲ. ಕಾರ್ಟೂನ್ ನೆಟ್‌ವರ್ಕ್ ೧೯೯೫ರಲ್ಲಿ ಈ ದೇಶಕ್ಕೆ ಬಂದಮೇಲೆ, ಮಾತನಾಡುವ ಚಿತ್ರಗಳು ಮೊದಲು ಇಂಗ್ಲಿಷಿನಲ್ಲಿ, ಬಳಿಕ ಹಿಂದಿಯಲ್ಲಿ, ಆಮೇಲೆ ತಮಿಳು ತೆಲುಗುಗಳಲ್ಲಿ ಮನೆಮನೆಯನ್ನು ಹೊಕ್ಕವು. ೨೦೦೮ರಲ್ಲಿ ಆರಂಭವಾದ ಛೋಟಾ ಭೀಮನೂ ನಮ್ಮ ಹಜಾರಕ್ಕೆ ಬಂದುದು ಕನ್ನಡಿಗನಾಗಿಯಲ್ಲ. ಕನ್ನಡವೇಕೆ ಹಿಂದುಳಿಯಿತು? ಬಾಗಿಲನ್ನು ಹೊರಗಿನವರು ಮುಚ್ಚಲಿಲ್ಲ. ಒಳಗಿನಿಂದ ಅಗುಳಿ ಹಾಕಿದವರು ನಾವು.

೧೯೬೦ರ ದಶಕದಲ್ಲಿ ಡಬ್ಬಿಂಗ್ ಬೇಡವೆಂಬ ಹೋರಾಟ ನಡೆದಾಗ ಅದಕ್ಕೆ ಕಾರಣವಿದ್ದಿತು. ಮದರಾಸಿನ ಸ್ಟುಡಿಯೋಗಳ ನೆರಳಿನಲ್ಲಿ ಕನ್ನಡ ಚಿತ್ರವು ಆಗತಾನೆ ಎದ್ದು ನಿಲ್ಲುತ್ತಿದ್ದಿತು, ಅ.ನ.ಕೃ., ಮ. ರಾಮಮೂರ್ತಿಯವರಂತಹ ಹಿರಿಯರು ಅದರ ಬೆನ್ನಿಗೆ ನಿಂತುದು ಭಾಷಾಭಿಮಾನದಿಂದಲೇ. ಅವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಎಳೆಯ ಸಸಿಗೆ ಹಾಕಿದ ಬೇಲಿಯನ್ನು ಮರ ಬೆಳೆದಮೇಲೂ ಕೀಳದೆ, ನೆರಳಿಗೆ ಬಂದ ಮಕ್ಕಳನ್ನೂ ಹೊರಗಿಟ್ಟರೆ ಅದು ಕೃಷಿಯಾದೀತೆ? ಯಾವ ಶಾಸನವೂ ಇಲ್ಲದೆ, ಕೇವಲ ಚಿತ್ರೋದ್ಯಮದ ಸಂಘಗಳ ಕಟ್ಟುಪಾಡಿನಿಂದ ಅದು ಅರ್ಧ ಶತಮಾನ ನಡೆಯಿತು. ೨೦೧೨ರಲ್ಲಿ 'ಸತ್ಯಮೇವ ಜಯತೇ' ಎಂಬ ದೂರದರ್ಶನ ಮಾಲಿಕೆ ನೆರೆಯ ಭಾಷೆಗಳಲ್ಲೆಲ್ಲ ಬಂದು ಕನ್ನಡದಲ್ಲಿ ಮಾತ್ರ ಬಾರದೆ ಹೋಯಿತು. ಕೊನೆಗೆ ಕನ್ನಡದ ಗ್ರಾಹಕರೇ ದೂರು ಕೊಟ್ಟು, ೨೦೧೫ರ ಜುಲೈಯಲ್ಲಿ ಭಾರತದ ಸ್ಪರ್ಧಾ ಆಯೋಗವು ಈ ಕಟ್ಟುಪಾಡು ನ್ಯಾಯವಲ್ಲವೆಂದು ಹೇಳಿ ವಾಣಿಜ್ಯ ಮಂಡಳಿ ಮೊದಲಾದ ಸಂಸ್ಥೆಗಳಿಗೆ ದಂಡ ವಿಧಿಸಬೇಕಾಯಿತು. ಅದಕ್ಕೆ ಮೊದಲೇ, ೨೦೦೯ರಲ್ಲಿ, ಚಿಂಟು ಎಂಬ ಮಕ್ಕಳ ವಾಹಿನಿಯಲ್ಲಿ ಹೊರದೇಶದ ಗೊಂಬೆಗಳು ಕನ್ನಡ ಮಾತನಾಡತೊಡಗಿದ್ದವು. ಆಕಾಶ ಕಳಚಿ ಬೀಳಲಿಲ್ಲ. ಆದರೆ ಒಂದು ತಲೆಮಾರು ಅಷ್ಟರಲ್ಲಿ ಬೇರೆ ಭಾಷೆಯಲ್ಲಿ ನಗುವುದನ್ನು ಕಲಿತಾಗಿತ್ತು.

ಆ ಕಟ್ಟುಪಾಡನ್ನು ಬೆಂಬಲಿಸಿ ಬರೆದ ಮನವಿಪತ್ರವೊಂದಕ್ಕೆ ನಾನೂ ಸಹಿ ಹಾಕಿದವನು. ಓದದೆ ಹಾಕಿದೆನೆಂದು ಹೇಳಿ ತಪ್ಪಿಸಿಕೊಳ್ಳಲಾರೆ. ಓದಿಯೇ ಹಾಕಿದೆನು, ಕಾಗುಣಿತದ ಎರಡು ತಪ್ಪುಗಳನ್ನೂ ತಿದ್ದಿಕೊಟ್ಟೆನು. ಅಂದು ನನ್ನ ಮಗಳು ಐದನೆಯ ತರಗತಿಯಲ್ಲಿದ್ದಳು. ಅವಳು ಹಜಾರದಲ್ಲಿ ಹಿಂದಿಯ ಕಾರ್ಟೂನು ನೋಡುತ್ತಿದ್ದಳು, ನಾನು ಒಳಗೆ ಕುಳಿತು ಕನ್ನಡವನ್ನು ರಕ್ಷಿಸುತ್ತಿದ್ದೆನು. ಆದಕಾರಣ ಮೊಮ್ಮಗನ "ಬಚಾವೋ" ಕೇಳಿದಾಗಲೆಲ್ಲ ನನಗೆ ಆ ಸಹಿ ನೆನಪಾಗುತ್ತದೆ. ಮಿತ್ರರು ಬೆಕ್ಕಿನಮೇಲೆ ಹೊರಿಸಿದ ಅಪರಾಧದಲ್ಲಿ ನನ್ನ ಪಾಲು ಇಷ್ಟು. ಅವರ ಪಾಲನ್ನು ಅವರೇ ಲೆಕ್ಕ ಹಾಕಿಕೊಳ್ಳಲಿ.

ಮಾತನಾಡುವ ಚಿತ್ರಗಳಿಗೆ ಕನ್ನಡ ಬರಲಿ, ಒಳ್ಳೆಯ ಕನ್ನಡ ಬರಲಿ. ಆದರೆ ಗೋಷ್ಠಿಯ ತರುವಾಯ ಕಾಫಿ ಕುಡಿಯುತ್ತ ಮತ್ತೊಬ್ಬ ಸದಸ್ಯರು, ಟಾಮ್ ಜೆರಿಗಳ ಮೂಕಚಿತ್ರಕ್ಕೂ ಕನ್ನಡದ ಸಂಭಾಷಣೆ ಹಚ್ಚಿಬಿಡೋಣವೆಂದು ಉತ್ಸಾಹದಿಂದ ಹೇಳಿದರು. ದಯವಿಟ್ಟು ಬೇಡ. ಬೆಕ್ಕಿನ ಹುಬ್ಬು ಹೇಳಿಮುಗಿಸಿದುದನ್ನು ಇನ್ನೊಬ್ಬರು ಒದರುವುದು ಕಚೇರಿಯಲ್ಲಿ ಪಕ್ಕದವನು ರಾಗದ ಹೆಸರನ್ನು ಕಿವಿಯಲ್ಲಿ ಹೇಳುತ್ತಿರುವಂತೆ. ಕನ್ನಡಕ್ಕೆ ಜಾಗ ಬೇಕಾದೆಡೆ ಬೇಕಾದಷ್ಟಿದೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ನಾವೇಕೆ ಅಂತಹುದೊಂದನ್ನು ಬರೆಯಲಿಲ್ಲವೆಂಬುದು. ಕೈ ಇಲ್ಲದೆಯಲ್ಲ. ಈ ವಿದ್ಯೆಗೆಂದೇ ಕರ್ನಾಟಕ ಸರಕಾರ ೨೦೧೨ರಲ್ಲಿ ಒಂದು ನೀತಿಯನ್ನು ಹೊರಡಿಸಿತು. ಬೆಂಗಳೂರಿನ ತರುಣರು ವರ್ಷಗಟ್ಟಲೆ ಹೊರದೇಶದ ಸಂಸ್ಥೆಗಳಿಗೆ ಚಿತ್ರಗಳನ್ನು ಚಲಿಸುವಂತೆ ಮಾಡಿಕೊಟ್ಟರು. ೨೦೨೫ರಲ್ಲಿ ಟೆಕ್ನಿಕಲರ್ ಸಂಸ್ಥೆ ಬಾಗಿಲು ಹಾಕಿದಾಗ ಇಲ್ಲಿನ ನೂರಾರು ಮಂದಿ ಕೆಲಸ ಕಳೆದುಕೊಂಡರು. ನಮ್ಮದೇ ಎಂದು ಹೇಳಿಕೊಳ್ಳಲು ೨೦೨೦ರಲ್ಲಿ ಬಂದ 'ಪುಣ್ಯಕೋಟಿ' ಇದೆ. ಗೋವಿನ ಹಾಡಿನ ಆ ಕಥೆಯನ್ನು ಬೆಂಗಳೂರಿನವರೇ ಸಂಸ್ಕೃತದಲ್ಲಿ ಚಿತ್ರಿಸಿದರು. ಪಾಠಶಾಲೆಯಲ್ಲಿ ಓದಿದವನಿಗೆ ಅದರಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಹಸು ಹುಲಿಗಳು ವಿಭಕ್ತಿ ತಪ್ಪದೆ ಮಾತನಾಡುವುದನ್ನು ಕೇಳುವ ಯೋಗ ಎಷ್ಟು ಜನಕ್ಕೆ ಉಂಟು? ಆದರೂ ಒಂದು ಮಾತು. ನಾವು ಕುಂಚ ಹಿಡಿದರೆ ಕರುಣವನ್ನೇ ಬರೆಯುತ್ತೇವೆ, ಧರ್ಮವನ್ನೇ ಬರೆಯುತ್ತೇವೆ. ನಗಿಸುವುದಕ್ಕೆ ನಾಚುತ್ತೇವೆ. ೧೯೪೨ರಲ್ಲಿ ವೈದ್ಯರಾಗಿದ್ದ ರಾಶಿಯವರು 'ಕೊರವಂಜಿ'ಯನ್ನು ಆರಂಭಿಸಿದಾಗ ಈ ಊರಿನ ಸುಶಿಕ್ಷಿತ ಮನೆಗಳು ಅದನ್ನು ಕಾದು ಓದಿದವು, ಆರ್.ಕೆ. ಲಕ್ಷ್ಮಣರ ಕುಂಚ ಅದರ ಪುಟಗಳಲ್ಲಿ ಆಡಿತು. ಆ ಮನೆಗಳ ಮೊಮ್ಮಕ್ಕಳಿಗೇ ನಾವು ಈಗ ನಗೆ ಗ್ರಾಮ್ಯವೆಂದು ಬೋಧಿಸಹೊರಟಿದ್ದೇವೆ. ಹಾಸ್ಯವನ್ನು ಕೀಳೆಂದು ಎಣಿಸುವ ಮನೆಯಲ್ಲಿ ಹಾಸ್ಯವನ್ನು ಬರೆಯುವ ಮಗು ಹುಟ್ಟುವುದಾದರೂ ಹೇಗೆ?

ಸಂಘದ ಕಾರ್ಯದರ್ಶಿಗಳಲ್ಲಿ ನನ್ನ ಬಿನ್ನಹ ಇಷ್ಟು. ಬಹಿಷ್ಕಾರದ ನಿರ್ಣಯವನ್ನು ಮುಂದಿನ ಗೋಷ್ಠಿಯಲ್ಲಿ ಪುನಃ ಪರಿಶೀಲಿಸಬೇಕು. ಮಕ್ಕಳ ಸಂಜೆಯಲ್ಲಿ ಮೊದಲು ತೊಗಲುಗೊಂಬೆಯ ಕಲಾವಿದರನ್ನು ಕರೆಸಿ, ಯೋಗ್ಯ ಸಂಭಾವನೆಯನ್ನು ಕೊಟ್ಟು, ಕಿಳ್ಳೇಕ್ಯಾತನ ಒಂದು ಪ್ರಸಂಗವನ್ನು ಆಡಿಸಬೇಕು. ಆ ಪರದೆಯನ್ನು ಬಿಚ್ಚದೆ ಅದರಮೇಲೆಯೇ ಮಾರ್ಜಾಲದ ಕಚೇರಿಯನ್ನು ತೋರಿಸಬೇಕು. ಸಂಭಾವನೆಗೆ ನನ್ನ ಪಾಲಿನ ಹಣವನ್ನು ಈ ಲೇಖನದೊಡನೆಯೇ ಕಳುಹಿಸಿದ್ದೇನೆ.

ನನ್ನ ಹಿರಿಯ ಮಿತ್ರರಿಗೆ ಬೇರೆಯ ಬಿನ್ನಹವಿದೆ. ಈ ಮಾಸದ ಎರಡನೆಯ ಭಾನುವಾರ ಸಂಜೆ ಐದು ಗಂಟೆಗೆ ಅವರು ನಮ್ಮ ಮನೆಗೆ ದಯಮಾಡಿಸಬೇಕು. ಚಿತ್ರ ಏಳು ನಿಮಿಷ. ಕಾಫಿ, ಕೋಡುಬಳೆ ಅದಾದಮೇಲೆ. ಮೊಮ್ಮಗನು ಅವರ ಪಕ್ಕದಲ್ಲಿ ಕುಳಿತುಕೊಳ್ಳುವನು. ನಾನು ಎದುರಿನ ಕುರ್ಚಿಯಲ್ಲಿ ಕುಳಿತು ಚಿತ್ರದ ಕಡೆಗೆ ನೋಡದೆ, ಭರತನ ಆರು ಭೇದಗಳಲ್ಲಿ ಯಾವುದು ಅವರ ಮುಖದಮೇಲೆ ಮೂಡುವುದೆಂಬುದನ್ನು ಮಾತ್ರ ಗುರುತು ಹಾಕಿಕೊಳ್ಳುವೆನು.